ಸಿ. ಎಸ್. ಲೂಯಿಸ್ ಬರೆದ ವಿದ್ವತ್ ಗ್ರಂಥಗಳು: ಯಾವುದನ್ನು ಕೊಳ್ಳಬೇಕು, ಯಾವುದನ್ನು ಗ್ರಂಥಾಲಯದಲ್ಲಿ ಓದಿದರೆ ಸಾಕು

ಸಿ. ಎಸ್. ಲೂಯಿಸ್ ಅಂದರೆ ಮಕ್ಕಳಿರುವ ಮನೆಯಲ್ಲಿ ನಾರ್ನಿಯಾ, ಚರ್ಚಿನ ಆವರಣದಲ್ಲಿ ಕ್ರೈಸ್ತಧರ್ಮದ ಪರ ವಾದಿಸಿದ ಲೇಖಕ. ಅವರಿಗೆ ಸಂಬಳ ಕೊಟ್ಟ ಕೆಲಸ ಇವೆರಡೂ ಅಲ್ಲ. 1925ರಿಂದ 1954ರವರೆಗೆ ಆಕ್ಸ್‌ಫರ್ಡಿನ ಮಾಡ್ಲಿನ್ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯದ ಪಾಠ ಹೇಳಿದರು, ಆಮೇಲೆ ಕೇಂಬ್ರಿಜ್‌ನಲ್ಲಿ ಮಧ್ಯಯುಗ ಮತ್ತು ರಿನೇಸಾನ್ಸ್ (ಪುನರುಜ್ಜೀವನ ಕಾಲದ) ಸಾಹಿತ್ಯದ ಪ್ರಾಧ್ಯಾಪಕರಾದರು. ಆ ಕೆಲಸದಿಂದ ಹುಟ್ಟಿದ ಪುಸ್ತಕಗಳು ಒಂದು ಡಜನ್ ಹತ್ತಿರ ಇವೆ. ಎಲ್ಲವೂ ಒಂದೇ ತೂಕದವಲ್ಲ. ಬೆಲೆಯೂ ಕಡಿಮೆಯಲ್ಲ, ಕೆಲವಂತೂ ವಿದೇಶದಿಂದ ತರಿಸಬೇಕು. ಹಾಗಾಗಿ ಕೊಳ್ಳುವ ಮೊದಲು ಯಾವುದರಲ್ಲಿ ಏನಿದೆ, ಎಲ್ಲಿ ಹುಷಾರಾಗಿರಬೇಕು ಎಂದು ತಿಳಿದಿರುವುದು ಒಳ್ಳೆಯದು.

ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಮುಂದೆ ವಿದ್ಯಾರ್ಥಿ ಕೂತಿದ್ದಾನೆ ಅಂದುಕೊಂಡು ಬರೆದಾಗ ಲೂಯಿಸ್‌ಗೆ ಸಾಟಿಯಿಲ್ಲ. ಮುಂದೆ ಎದುರಾಳಿ ನಿಂತಿದ್ದಾನೆ ಅಂದುಕೊಂಡು ಬರೆದಾಗ ಗದ್ಯ ಹೊಳೆಯುತ್ತದೆ, ವಾದ ಸೋರುತ್ತದೆ. ಒಂದೇ ಪುಸ್ತಕದ ಒಳಗೂ ಈ ಎರಡು ಬಗೆಯ ಪುಟಗಳು ಸಿಗುತ್ತವೆ. ಅವನ್ನು ಬೇರ್ಪಡಿಸಿ ಓದಲು ಬಂದರೆ ಕೊಟ್ಟ ದುಡ್ಡು ದಕ್ಕಿದ ಹಾಗೆ.

ಒಂದನ್ನೇ ಕೊಳ್ಳುವುದಾದರೆ ‘ದಿ ಡಿಸ್ಕಾರ್ಡೆಡ್ ಇಮೇಜ್’. 1964ರಲ್ಲಿ, ಅವರು ತೀರಿಕೊಂಡ ಮರುವರ್ಷ, ಕೇಂಬ್ರಿಜ್ ಯೂನಿವರ್ಸಿಟಿ ಪ್ರೆಸ್‌ನಿಂದ ಬಂತು. ಆಕ್ಸ್‌ಫರ್ಡಿನಲ್ಲಿ ವರ್ಷಗಟ್ಟಲೆ ಕೊಟ್ಟ ಪ್ರವೇಶಿಕೆಯ ಉಪನ್ಯಾಸಗಳೇ ಇದರ ಮೂಲ, ಅದಕ್ಕೇ ಪಾಠದ ಹದ ಇದರಲ್ಲಿ ಚೆನ್ನಾಗಿ ಕೂತಿದೆ. ಚಾಸರ್, ಡಾಂಟೆ, ಸ್ಪೆನ್ಸರ್‌ರಂಥ ಹಳೆಯ ಕವಿಗಳೆಲ್ಲ ಓದುಗನಿಗೆ ಗೊತ್ತೇ ಇದೆ ಎಂದು ಭಾವಿಸಿ ಹೇಳದೆ ಬಿಟ್ಟ ವಿಶ್ವದ ಚಿತ್ರ ಯಾವುದು, ಅದು ಎಲ್ಲಿಂದ ಬಂತು ಎನ್ನುವುದು ವಿಷಯ. ಜೈನರ ಲೋಕಸ್ವರೂಪ, ಪಂಚಕಲ್ಯಾಣ, ಭವಾವಳಿ ಯಾವುದೂ ಗೊತ್ತಿಲ್ಲದೆ ಪಂಪನ ಆದಿಪುರಾಣಕ್ಕೆ ಕೈಹಾಕಿ ಸೋತವರಿಗೆ ಇಂಥ ಪುಸ್ತಕ ಏಕೆ ಬೇಕು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಪುಸ್ತಕದ ಕಟ್ಟು ಹೀಗಿದೆ. ಮೊದಲ ಎರಡು ಅಧ್ಯಾಯ ಚಿಕ್ಕವು, ಪೀಠಿಕೆಯಂಥವು. ಮೂರು ಮತ್ತು ನಾಲ್ಕು ಆಕರಗಳ ಬಗ್ಗೆ: ಸಿಸೆರೊ ಬರೆದ ಸಿಪಿಯೊನ ಕನಸು, ಲೂಕನ್, ಸ್ಟೇಷಿಯಸ್, ಅಪುಲಿಯಸ್, ಆಮೇಲೆ ಕಾಲ್ಸಿಡಿಯಸ್, ಮ್ಯಾಕ್ರೋಬಿಯಸ್, ಹುಸಿ ಡಯನೀಸಿಯಸ್, ಬೊಯೀಥಿಯಸ್. ಹೆಚ್ಚಿನವರು ಪುಸ್ತಕ ಕೆಳಗಿಡುವುದು ಇಲ್ಲೇ. ಹೆಸರುಗಳು ಗುರುತಿಲ್ಲ, ಕಥೆಯೂ ಇಲ್ಲ. ಉಪಾಯ ಸುಲಭ: ಮೊದಲ ಓದಿನಲ್ಲಿ ಈ ಎರಡನ್ನು ದಾಟಿ ನೇರ ಐದನೆಯ ಅಧ್ಯಾಯಕ್ಕೆ, ಆಕಾಶದ ವರ್ಣನೆಗೆ ಹೋಗಿ. ಅಲ್ಲಿಂದ ಕೊನೆಯವರೆಗೆ ಓದಿ, ಆಮೇಲೆ ಆಕರಗಳಿಗೆ ಹಿಂತಿರುಗಿ. ಬೊಯೀಥಿಯಸ್‌ನ ಭಾಗವನ್ನು ಮಾತ್ರ ಎರಡು ಸಲ ಓದಬೇಕು. ವಿಧಿ, ಅದೃಷ್ಟಚಕ್ರ, ದೇವರ ಮುನ್ನರಿವು ಇವುಗಳ ಬಗ್ಗೆ ಚಾಸರ್ ಆಡುವ ಮಾತುಗಳ ಬೇರು ಅಲ್ಲಿದೆ.

ಐದನೆಯ ಅಧ್ಯಾಯ ಇಡೀ ಪುಸ್ತಕದ ತಿರುಳು. ಚಂದ್ರನಿಂದ ಶನಿಯವರೆಗೆ ಏಳು ಗೋಳಗಳು, ಅದರ ಮೇಲೆ ನಕ್ಷತ್ರಗಳ ಗೋಳ, ಅದರಾಚೆ ಎಲ್ಲವನ್ನೂ ತಿರುಗಿಸುವ ಗೋಳ. ಚಂದ್ರನ ಕೆಳಗಿನದೆಲ್ಲ ಹುಟ್ಟಿ ಸಾಯುವಂಥದ್ದು, ಮೇಲಿನದಕ್ಕೆ ಕೇಡಿಲ್ಲ. ಮಧ್ಯಯುಗದವರು ಭೂಮಿ ಚಪ್ಪಟೆ ಅಂದುಕೊಂಡಿದ್ದರು ಎಂಬ ಶಾಲಾಪಾಠದ ಮಾತು ಇಲ್ಲಿ ಬಿದ್ದುಹೋಗುತ್ತದೆ. ಭೂಮಿ ಗುಂಡಗಿದೆ, ಆಕಾಶದ ಮುಂದೆ ಅದು ಒಂದು ಬಿಂದು ಎನ್ನುವುದು ಅವರಿಗೆ ಗೊತ್ತಿತ್ತು. ‘ಸೌತ್ ಇಂಗ್ಲಿಷ್ ಲೆಜೆಂಡರಿ’ ಎಂಬ ಜನಪ್ರಿಯ ಹಳೆಯ ಕೃತಿಯಲ್ಲೇ ಲೆಕ್ಕ ಇದೆ: ದಿನಕ್ಕೆ 40 ಮೈಲಿಗಿಂತ ತುಸು ಹೆಚ್ಚು ವೇಗದಲ್ಲಿ ಮೇಲೇರಿದರೂ 8000 ವರ್ಷದಲ್ಲಿ ನಕ್ಷತ್ರಗಳ ಗೋಳ ಮುಟ್ಟಲಾಗದು. ಇದಕ್ಕಿಂತ ಸೂಕ್ಷ್ಮವಾದ ಮಾತು ರಾತ್ರಿಯ ಬಗ್ಗೆ. ಅವರ ಕಣ್ಣಿಗೆ ಆಕಾಶ ಕತ್ತಲೆಯ ಶೂನ್ಯವಲ್ಲ, ಬೆಳಕು ತುಂಬಿದ ಜಾಗ. ರಾತ್ರಿ ಎಂದರೆ ಭೂಮಿಯದೇ ನೆರಳಿನ ಶಂಕು, ನಾವು ಆ ನೆರಳಿನ ಒಳಗಿನಿಂದ ಮೇಲೆ ನೋಡುತ್ತೇವೆ. ಇಷ್ಟು ತಲೆಗೆ ಹೋದಮೇಲೆ ಡಾಂಟೆಯ ‘ಪಾರಾದೀಸೊ’ ಬೇರೆಯದೇ ಕಾವ್ಯವಾಗಿ ಕಾಣುತ್ತದೆ.

ಮುಂದೆ ಮನುಷ್ಯನ ಮೂರು ಬಗೆಯ ಆತ್ಮಶಕ್ತಿ, ಐದು ಒಳ ಇಂದ್ರಿಯಗಳು, ನಾಲ್ಕು ದೇಹರಸಗಳು, ಏಳು ವಿದ್ಯೆಗಳು. ಇದು ಕೋಶದಂತೆ ಪಕ್ಕದಲ್ಲಿಟ್ಟುಕೊಂಡು ಬಳಸುವ ಭಾಗ. ಚಾಸರ್‌ನ ಪಾತ್ರವೊಂದರ ಮೈಬಣ್ಣದ ವರ್ಣನೆ ಬಂದಾಗ, ವೈದ್ಯನ ಮಾತು ಬಂದಾಗ ತೆರೆದು ನೋಡಿ. ನಡುವೆ ಯಕ್ಷಿಯರ ಬಗ್ಗೆ ಒಂದು ಅಧ್ಯಾಯ ಇದೆ. ಶ್ರೇಣೀಕೃತ ವ್ಯವಸ್ಥೆಯಲ್ಲಿ ಎಲ್ಲೂ ಸರಿಯಾಗಿ ಕೂರದ ಈ ಜೀವಿಗಳಿಗೆ ಲೂಯಿಸ್ ಬೇಕೆಂದೇ ಜಾಗ ಮಾಡಿಕೊಟ್ಟಿದ್ದಾರೆ. ಅಚ್ಚುಕಟ್ಟಾದ ಮಾದರಿಯಲ್ಲಿ ಅಚ್ಚುಕಟ್ಟಲ್ಲದ್ದೂ ಬೇಕು ಎನ್ನುವ ತಿಳಿವಳಿಕೆ ಅದು.

ಕುಂದು ಎಲ್ಲಿ? ‘ಮಾದರಿ’ ಎಂಬ ಏಕವಚನದಲ್ಲಿ. ಹಲವು ಶತಮಾನಗಳಲ್ಲಿ ಒಬ್ಬರೊಡನೊಬ್ಬರು ಜಗಳಾಡಿದ ಚಿಂತಕರನ್ನು ಒಂದೇ ಭವ್ಯ ಕಟ್ಟಡವಾಗಿ ತೋರಿಸಿದಾಗ ಬಿರುಕುಗಳು ಮುಚ್ಚಿಹೋಗುತ್ತವೆ. ಆಕರಗಳ ಎರಡು ಅಧ್ಯಾಯಗಳಲ್ಲಿ ಅರಬ್ಬೀ ಖಗೋಳಜ್ಞರಿಗೆ, ವೈದ್ಯರಿಗೆ ಪ್ರತ್ಯೇಕ ಜಾಗವಿಲ್ಲ. ಟಾಲೆಮಿಯೂ ಅರಿಸ್ಟಾಟಲನೂ ಯುರೋಪಿಗೆ ಬಹುಮಟ್ಟಿಗೆ ಅವರ ಕೈಯಿಂದಲೇ ಮರಳಿ ದಾಟಿದ್ದು ಎಂಬುದನ್ನು ಓದುಗ ಬೇರೆ ಕಡೆ ಕಲಿಯಬೇಕು. ಆದರೂ ಕೊನೆಯ ಕೆಲವೇ ಪುಟಗಳ ಉಪಸಂಹಾರ ಈ ಕೊರತೆಯನ್ನು ಸಾಕಷ್ಟು ತುಂಬುತ್ತದೆ. ಹೊಸ ಸಂಗತಿಗಳು ಸಿಕ್ಕಿದ್ದಷ್ಟರಿಂದಲೇ ವಿಶ್ವದ ಚಿತ್ರ ಬದಲಾಗುವುದಿಲ್ಲ, ನಾವು ಕೇಳುವ ಪ್ರಶ್ನೆ ಬದಲಾದಾಗ ನಿಸರ್ಗ ಕೊಡುವ ಸಾಕ್ಷ್ಯವೂ ಬದಲಾಗುತ್ತದೆ ಎಂಬ ವಾದ ಅಲ್ಲಿದೆ. ಇಷ್ಟು ಓದುವ ಪುರುಸೊತ್ತಿಲ್ಲ ಎನ್ನುವವರಿಗೆ ಇದೇ ವಿಷಯದ ಕಿರುರೂಪವೂ ಉಂಟು. 1956ರಲ್ಲಿ ಕೇಂಬ್ರಿಜ್‌ನಲ್ಲಿ ವಿಜ್ಞಾನಿಗಳ ಮುಂದೆ ಕೊಟ್ಟ ಎರಡು ಉಪನ್ಯಾಸಗಳು ‘ಸ್ಟಡೀಸ್ ಇನ್ ಮೆಡೀವಲ್ ಆ್ಯಂಡ್ ರಿನೇಸಾನ್ಸ್ ಲಿಟರೇಚರ್’ ಎಂಬ 1966ರ ಸಂಕಲನದಲ್ಲಿ ಸೇರಿವೆ.

ಅವರಿಗೆ ವಿದ್ವಾಂಸನೆಂಬ ಹೆಸರು ತಂದದ್ದು 1936ರ ‘ದಿ ಅಲಿಗರಿ ಆಫ್ ಲವ್’. ಅಲಿಗರಿ ಎಂದರೆ ಭಾವಗಳನ್ನು, ಗುಣಗಳನ್ನು ಪಾತ್ರಗಳಾಗಿಸಿ ಹೇಳುವ ರೂಪಕಕಥೆ. ಏಳು ಅಧ್ಯಾಯ, ಎರಡು ಅನುಬಂಧ. ಮೊದಲ ಅಧ್ಯಾಯದ ವಾದವನ್ನು ಇಂದಿಗೂ ಗೈಡುಗಳು ನಕಲು ಮಾಡುತ್ತಿವೆ: 11ನೇ ಶತಮಾನದ ಕೊನೆಯಲ್ಲಿ ದಕ್ಷಿಣ ಫ್ರಾನ್ಸಿನಲ್ಲಿ ಆಸ್ಥಾನಪ್ರೇಮ ಎಂಬ ಹೊಸ ಭಾವನೆ ಹುಟ್ಟಿತು, ವಿನಯ, ದಾಕ್ಷಿಣ್ಯ, ಪರಸ್ತ್ರೀ ಸಂಬಂಧ, ಪ್ರೇಮವೇ ಧರ್ಮ ಎಂಬ ನಾಲ್ಕು ಅದರ ಲಕ್ಷಣ. ಪರೀಕ್ಷೆಗೆ ಬರೆಯಲು ಹೇಳಿ ಮಾಡಿಸಿದಂಥ ಸೂತ್ರ. ಅಪಾಯವೂ ಅಲ್ಲೇ. ಆಂಡ್ರಿಯಾಸ್ ಕಪೆಲಾನಸ್‌ನ ಲ್ಯಾಟಿನ್ ಪ್ರೇಮಗ್ರಂಥವನ್ನು ಲೂಯಿಸ್ ಗಂಭೀರ ನಿಯಮಾವಳಿಯಂತೆ ಓದಿದರು. ಅದು ವ್ಯಂಗ್ಯ, ಮೇಲಾಗಿ ‘ಆಸ್ಥಾನಪ್ರೇಮ’ ಎಂಬ ಒಂದೇ ವ್ಯವಸ್ಥೆ ಇತ್ತೆನ್ನುವುದಕ್ಕೆ ಆಧಾರ ಸಾಲದು ಎಂದು ಡಿ. ಡಬ್ಲ್ಯು. ರಾಬರ್ಟ್‌ಸನ್ ಮೊದಲಾದವರು ಆಮೇಲೆ ವಾದಿಸಿದರು. ಈ ಚರ್ಚೆ ಉಲ್ಲೇಖಿಸದೆ ಮೊದಲ ಅಧ್ಯಾಯವನ್ನು ಮಾತ್ರ ಆಧಾರ ಮಾಡಿಕೊಂಡ ಪ್ರಬಂಧ ಈಗ ನಿಲ್ಲುವುದಿಲ್ಲ.

ಹಾಗಂತ ಪುಸ್ತಕ ಹಳಸಿಲ್ಲ. ಎರಡನೆಯ ಅಧ್ಯಾಯ ಅಲಿಗರಿ ಮತ್ತು ಸಂಕೇತಗಳ ನಡುವೆ ಎಳೆಯುವ ಗೆರೆ ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಅಲಿಗರಿಕಾರ ಮನಸ್ಸಿನೊಳಗಿನ ನಿಜವಾದ ಭಾವದಿಂದ ಹೊರಟು ಅದಕ್ಕೊಂದು ಕಾಣುವ ರೂಪ ಕಲ್ಪಿಸುತ್ತಾನೆ, ಸಂಕೇತವಾದಿ ಕಾಣುವ ಲೋಕವನ್ನೇ ಇನ್ನೊಂದು ನಿಜದ ಪ್ರತಿಬಿಂಬ ಎನ್ನುತ್ತಾನೆ. ಇದನ್ನು ಹಿಡಿದುಕೊಂಡು ಮೂರನೆಯ ಅಧ್ಯಾಯದಲ್ಲಿರುವ, ‘ರೋಮಾನ್ಸ್ ಆಫ್ ದ ರೋಸ್’ ಎಂಬ ಹಳೆಯ ಫ್ರೆಂಚ್ ಕಾವ್ಯದ ವಿಶ್ಲೇಷಣೆಗೆ ಬನ್ನಿ. ಆ ಕಾವ್ಯದಲ್ಲಿ ನಾಯಕಿ ಪಾತ್ರವಾಗಿ ಎಲ್ಲೂ ಬರುವುದಿಲ್ಲ. ಅವಳ ಸ್ವಾಗತಭಾವ, ನಾಚಿಕೆ, ಭಯ, ಕರುಣೆ, ಬಿಗುಮಾನ ಇವೇ ಒಂದೊಂದು ಪಾತ್ರವಾಗಿ ಓಡಾಡುತ್ತವೆ. ಒಂದು ಹುಡುಗಿಯ ಮನಸ್ಸಿನ ಏರಿಳಿತವನ್ನು ಕಾದಂಬರಿ ಎಂಬ ಪ್ರಕಾರ ಬರುವ ಮೊದಲೇ ಹೀಗೆ ತೋರಿಸಿದ್ದಾರೆ ಎಂದು ಲೂಯಿಸ್ ಹೆಜ್ಜೆಹೆಜ್ಜೆಯಾಗಿ ಬಿಡಿಸುವ ಪುಟಗಳು ಅವರ ವಿಮರ್ಶೆಯ ಅತ್ಯುತ್ತಮ ಪುಟಗಳ ಸಾಲಿನವು. ಗಿಯೋಮ್ ದ ಲೊರಿ ಬರೆದ ಸುಮಾರು 4000 ಸಾಲಿನ ಮೊದಲ ಭಾಗಕ್ಕೆ ಈ ಓದು ಪಕ್ಕಾ ಹೊಂದುತ್ತದೆ. ಜಾನ್ ದ ಮನ್ ಬೆಳೆಸಿದ ಹದಿನೇಳು ಸಾವಿರಕ್ಕೂ ಹೆಚ್ಚಿನ ಸಾಲುಗಳ ಬಗ್ಗೆ ಲೂಯಿಸ್‌ಗೆ ತಾಳ್ಮೆ ಕಡಿಮೆ, ಅದನ್ನವರು ಮುಚ್ಚಿಟ್ಟೂ ಇಲ್ಲ.

ಕೊನೆಯ ಅಧ್ಯಾಯ ಸ್ಪೆನ್ಸರ್‌ನ ‘ಫೇರಿ ಕ್ವೀನ್’ ಬಗ್ಗೆ. ಸುಖೋದ್ಯಾನದಲ್ಲಿರುವ ಲೋಹದ ಬಳ್ಳಿಗೂ ಅಡೋನಿಸ್‌ನ ತೋಟದಲ್ಲಿ ತಾನಾಗಿ ಬೆಳೆದ ಹಸಿರಿಗೂ ಇರುವ ಅಂತರವನ್ನು ಎತ್ತಿ ತೋರಿಸಿ, ಒಂದು ಬಂಜೆ ಕಾಮ, ಇನ್ನೊಂದು ಹೆರುವ ಪ್ರೇಮ ಎಂದು ತೋರಿಸಿಕೊಡುತ್ತಾರೆ. ವಿವರವನ್ನು ಹಿಡಿದು ಇಡೀ ಕಾವ್ಯದ ಒಳಕ್ಕೆ ಇಳಿಯುವ ಬಗೆ ಇದು. ಗೋವರ್, ಥಾಮಸ್ ಉಸ್ಕ್ ಅಧ್ಯಾಯವನ್ನು ಅವರ ಮೇಲೆ ಕೆಲಸ ಮಾಡುವವರು ಓದಿದರೆ ಸಾಕು. ಮಧ್ಯಕಾಲೀನ ಇಂಗ್ಲಿಷಿನ ಉದ್ಧರಣೆಗಳಿಗೆ ಇಲ್ಲಿ ಅರ್ಥಕೋಶವಿಲ್ಲ, ಹಾಗಾಗಿ ಚಾಸರ್‌ನ ಕಾವ್ಯವನ್ನು ಮೂಲದಲ್ಲಿ ಸ್ವಲ್ಪವಾದರೂ ಓದಿ ಅಭ್ಯಾಸ ಇಲ್ಲದವರು ಈ ಪುಸ್ತಕದಿಂದ ಶುರು ಮಾಡಬಾರದು.

ಸೈತಾನನ ಬಂಡಾಯ, ಆದಮ್ ಮತ್ತು ಈವ್‌ರ ಪತನದ ಕಥೆ ಹೇಳುವ ಮಿಲ್ಟನ್‌ನ ಮಹಾಕಾವ್ಯ ಪಠ್ಯವಾಗಿರುವವರಿಗೆ ‘ಎ ಪ್ರಿಫೇಸ್ ಟು ಪ್ಯಾರಡೈಸ್ ಲಾಸ್ಟ್’ ಬೇಕೇ ಬೇಕು. ಬ್ಯಾಂಗರ್‌ನ ಕಾಲೇಜಿನಲ್ಲಿ 1941ರಲ್ಲಿ ಕೊಟ್ಟ ಉಪನ್ಯಾಸಗಳು 1942ರಲ್ಲಿ ಪುಸ್ತಕವಾದವು. ತೆಳ್ಳಗಿದೆ, ಚಿಕ್ಕಚಿಕ್ಕ 19 ಅಧ್ಯಾಯ. ಒಂದು ವಸ್ತುವನ್ನು ಅಳೆಯುವ ಮೊದಲು ಅದು ಯಾವ ಕೆಲಸಕ್ಕೆಂದು ಮಾಡಿದ್ದು ಎಂದು ತಿಳಿಯಬೇಕು ಎನ್ನುವ ಮಾತಿನಿಂದ ಶುರು. ಹೋಮರ್, ಬೇವುಲ್ಫ್ ಸಭೆಯಲ್ಲಿ ಹಾಡಿಕೇಳಿಸಿದ ಮಹಾಕಾವ್ಯ, ವರ್ಜಿಲ್, ಮಿಲ್ಟನ್ ಕೋಣೆಯಲ್ಲಿ ಒಬ್ಬನೇ ಕೂತು ಓದುವವನಿಗೆ ಬರೆದ ಮಹಾಕಾವ್ಯ. ಎರಡನೆಯದಕ್ಕೆ ಸಭೆಯ ಗಾಂಭೀರ್ಯ ಇಲ್ಲ, ಅದನ್ನು ಶೈಲಿಯೇ ಒದಗಿಸಬೇಕು, ಮಿಲ್ಟನ್‌ನ ತಿರುಚಿದ ವಾಕ್ಯ, ದೂರದ ಊರುಗಳ ಹೆಸರು, ಉದ್ದನೆಯ ಉಪಮೆ ಎಲ್ಲ ಅದಕ್ಕಾಗಿ ಎಂಬುದು ವಾದ. ಅಷ್ಟಾದಶ ವರ್ಣನೆಗಳನ್ನು ಕಂಡು ಬೆಚ್ಚದ ಹಳಗನ್ನಡದ ಓದುಗರಿಗೆ ಈ ಭಾಗ ತಕ್ಷಣ ಹತ್ತುತ್ತದೆ. 1936ರಲ್ಲಿ ಟಿ. ಎಸ್. ಎಲಿಯಟ್ ಮಿಲ್ಟನ್ ವಿರುದ್ಧ ಬರೆದಿದ್ದರಿಂದ ಇಂಗ್ಲೆಂಡಿನ ಓದುಗರಿಗೆ ಆಗ ಇಷ್ಟು ವಿವರಿಸುವ ಅಗತ್ಯವಿತ್ತು.

ಮನುಷ್ಯನ ಹೃದಯ ಎಲ್ಲ ಕಾಲಕ್ಕೂ ಒಂದೇ, ಹಳೆಯ ಕಾವ್ಯದ ಮೇಲಿನ ಕಾಲದ ಪದರ ಸುಲಿದರೆ ಸಾಕು ಎಂಬ ನಂಬಿಕೆಯ ಮೇಲೆ ಒಂದು ಅಧ್ಯಾಯ ಇದೆ. ಯೋಧನ ಕವಚ ಕಳಚಿ ನೋಡಬೇಡಿ, ನೀವೇ ಅದನ್ನು ತೊಟ್ಟು ನೋಡಿ ಎನ್ನುವುದು ಅದರ ಸಾರ. ಹಳೆಯ ಸಾಹಿತ್ಯ ಯಾವ ಭಾಷೆಯದಿರಲಿ, ಓದಿಸುವ ಮೇಷ್ಟರು ಆ ಕೆಲವು ಪುಟಗಳನ್ನು ತರಗತಿಯಲ್ಲಿ ಓದಿಸಬಹುದು. ಅದೇ ಅಧ್ಯಾಯದಲ್ಲಿ ಲೂಯಿಸ್ ತಾವು ಕ್ರೈಸ್ತರೆಂದು ಹೇಳಿಬಿಡುತ್ತಾರೆ. ಎಪಿಕ್ಯೂರಸ್‌ನ ತತ್ತ್ವವನ್ನು ಕಾವ್ಯವಾಗಿಸಿದ ರೋಮನ್ ಕವಿ ಲುಕ್ರೀಷಿಯಸ್‌ನನ್ನು ಓದುವಾಗ ಜೀವಂತ ಎಪಿಕ್ಯೂರಿಯನ್ ಒಬ್ಬ ಪಕ್ಕದಲ್ಲಿ ಸಿಕ್ಕರೆ ಬಿಡುತ್ತೀರಾ ಎಂದು ಕೇಳುತ್ತಾರೆ. ನ್ಯಾಯವಾದ ಮಾತು. ಕ್ರೈಸ್ತರಲ್ಲದವರಿಗೂ ಅವರ ಮಿಲ್ಟನ್ ದಕ್ಕುವುದು ಇದರಿಂದ.

ಸೈತಾನನ ಅಧ್ಯಾಯವೇ ಹೆಚ್ಚು ಹೆಸರಾದದ್ದು, ಹೆಚ್ಚು ಎಚ್ಚರದಿಂದ ಓದಬೇಕಾದದ್ದೂ ಅದೇ. ವೀರನಿಂದ ಸೇನಾಪತಿ, ಸೇನಾಪತಿಯಿಂದ ರಾಜಕಾರಣಿ, ರಾಜಕಾರಣಿಯಿಂದ ಗೂಢಚಾರ, ಕೊನೆಗೆ ಕಪ್ಪೆ, ಹಾವು ಎಂದು ಅವನ ಇಳಿಜಾರನ್ನು ಲೂಯಿಸ್ ಗುರುತಿಸುವುದು ಪಠ್ಯಕ್ಕೆ ನಿಷ್ಠವಾಗಿದೆ. ಆದರೆ ಸೈತಾನನೇ ನಾಯಕ ಎನ್ನುವ ಬಳಗವನ್ನು ಗೇಲಿ ಮಾಡಲು ಹೊರಟು, ಮೊದಲ ಎರಡು ಸರ್ಗಗಳಲ್ಲಿ ಓದುಗನನ್ನು ಸೈತಾನ ಏಕೆ ಎಳೆದುಕೊಳ್ಳುತ್ತಾನೆ ಎಂಬ ಪ್ರಶ್ನೆಯನ್ನು ಬೇಗ ಮುಗಿಸಿಬಿಡುತ್ತಾರೆ. ಕೆಟ್ಟ ಪಾತ್ರ ಬರೆಯುವುದು ಸುಲಭ, ಕವಿ ತನ್ನೊಳಗಿನ ದುರ್ಗುಣಗಳ ಲಗಾಮು ಬಿಟ್ಟರೆ ಆಯಿತು ಎನ್ನುವ ಉತ್ತರ ಅರ್ಧ ಮಾತ್ರ ಸರಿ. ಉಳಿದರ್ಧಕ್ಕೆ 1961ರ ವಿಲಿಯಂ ಎಂಪ್ಸನ್‌ರ ‘ಮಿಲ್ಟನ್ಸ್ ಗಾಡ್’ ಮತ್ತು 1967ರ ಸ್ಟ್ಯಾನ್ಲಿ ಫಿಶ್‌ರ ‘ಸರ್‌ಪ್ರೈಸ್ಡ್ ಬೈ ಸಿನ್’ ಎರಡನ್ನೂ ಪಕ್ಕದಲ್ಲಿಡಿ. ಎಂಪ್ಸನ್ ದೇವರನ್ನೇ ಕಟಕಟೆಗೆ ತರುತ್ತಾರೆ, ಫಿಶ್ ಓದುಗನನ್ನು ತರುತ್ತಾರೆ. ಕಾವ್ಯದ ಕೊನೆಯ ಎರಡು ಸರ್ಗಗಳು ಸೊರಗಿವೆ ಎಂದು ಲೂಯಿಸ್ ಒಪ್ಪಿಕೊಳ್ಳುವುದನ್ನೂ ಗಮನಿಸಿ, ಕುರುಡು ಭಕ್ತಿ ಇಲ್ಲಿಲ್ಲ.

ದಪ್ಪ ಪುಸ್ತಕ ಎಂದರೆ ಆಕ್ಸ್‌ಫರ್ಡ್ ಇಂಗ್ಲಿಷ್ ಸಾಹಿತ್ಯ ಚರಿತ್ರೆಯ ಮೂರನೆಯ ಸಂಪುಟ: 16ನೇ ಶತಮಾನದ ಸಾಹಿತ್ಯ, ನಾಟಕ ಬಿಟ್ಟು. 1954ರಲ್ಲಿ ಬಂತು. ಸುಮಾರು 700 ಪುಟ, ಅದರಲ್ಲಿ ನೂರಕ್ಕೂ ಹೆಚ್ಚು ಪುಟ ಕಾಲಾನುಕ್ರಮ ಪಟ್ಟಿ ಮತ್ತು ಗ್ರಂಥಸೂಚಿ. ಸಂಪುಟಮಾಲೆಯ ಇಂಗ್ಲಿಷ್ ಮೊದಲಕ್ಷರಗಳು ‘ಓ ಹೆಲ್’ ಎಂಬಂತೆ ಕೇಳುವುದನ್ನು ಹಿಡಿದು, ಅದೇ ಹೆಸರಿನಿಂದ ಲೂಯಿಸ್ ಈ ಕೆಲಸವನ್ನು ತಮಾಷೆಯಾಗಿ ಶಪಿಸುತ್ತಿದ್ದರು. ಅಷ್ಟು ವರ್ಷ ಹಿಡಿದ ಕೆಲಸ ಅದು. ಇದನ್ನು ಕೊಳ್ಳಬೇಡಿ, ಗ್ರಂಥಾಲಯದಲ್ಲಿ ಓದಿ. ಹುಕರ್‌ನ ಗದ್ಯ, ಸಿಡ್ನಿ ಮತ್ತು ಸ್ಪೆನ್ಸರ್, ಸ್ಕಾಟ್‌ಲೆಂಡಿನ ಕವಿಗಳ ಬಗೆಗಿನ ಮೊದಲ ಅಧ್ಯಾಯ, ಈ ಮೂರಕ್ಕೆ ಸಮಯ ಕೊಡಿ. ಸಾಹಿತ್ಯ ಚರಿತ್ರೆಯನ್ನು ಇಷ್ಟು ರುಚಿಯಾಗಿ ಬರೆಯಬಹುದೇ ಅನ್ನಿಸುತ್ತದೆ. ಲ್ಯಾಟಿನ್ ಲೇಖಕರ ಉದ್ಧರಣೆಗಳನ್ನು 16ನೇ ಶತಮಾನದ ಇಂಗ್ಲಿಷಿಗೇ ಅನುವಾದಿಸಿ ಕೊಟ್ಟಿದ್ದಾರೆ. ಇದು ಗೊತ್ತಿಲ್ಲದೆ ಅವನ್ನು ಅಂದಿನ ಮೂಲ ಇಂಗ್ಲಿಷ್ ಎಂದು ಪ್ರಬಂಧದಲ್ಲಿ ಎತ್ತಿ ಬರೆದರೆ ಮುಜುಗರ ಖಚಿತ.

ಎದುರಾಳಿ ಮನೆಯೊಳಗೇ ಕೂತಿರುವುದು ಇದರ ಪೀಠಿಕೆಯಲ್ಲಿ. ಹ್ಯೂಮನಿಸ್ಟ್ ಪಂಡಿತರು, ಅಂದರೆ ಪ್ರಾಚೀನ ಗ್ರೀಕ್, ಲ್ಯಾಟಿನ್ ವಿದ್ಯೆಯನ್ನು ಮರಳಿ ತರಲು ಹೊರಟವರು, ಸಿಸೆರೊನ ಮಾದರಿಗೆ ಕಟ್ಟುಹಾಕಿ ಜೀವಂತ ಲ್ಯಾಟಿನ್ನನ್ನು ಕೊಂದರು, ಹೊಸ ವಿದ್ಯೆಯ ಜತೆ ಹೊಸ ಅಜ್ಞಾನವೂ ಬಂತು ಎಂದು ಲೂಯಿಸ್ ಬೀಸುವ ಚಾಟಿ ಓದಲು ಮಜವಾಗಿದೆ, ಇತಿಹಾಸವಾಗಿ ಏಕಪಕ್ಷೀಯ. ಶತಮಾನದ ನಡುಭಾಗವನ್ನು ‘ಡ್ರ್ಯಾಬ್’, ಕೊನೆಯ ಭಾಗವನ್ನು ‘ಗೋಲ್ಡನ್’ ಎಂದು ಕರೆದು, ಇದು ಬೈಗುಳವಲ್ಲ, ಹೊಗಳಿಕೆಯೂ ಅಲ್ಲ ಎನ್ನುತ್ತಾರೆ. ಮಂಕು ಬಣ್ಣದ ಹೆಸರಿಟ್ಟಮೇಲೆ ಯಾರು ಆ ಕವಿಗಳನ್ನು ಆಸೆಯಿಂದ ಓದುತ್ತಾರೆ? ಇದರಿಂದ ಹೆಚ್ಚು ಕಳೆದುಕೊಂಡವನು ಕವಿ ವಯಟ್. ಅವನ ಮೇಲೆ ಬರೆಯುವವರು ಲೂಯಿಸ್ ಮಾತನ್ನೇ ಕೊನೆಯದೆಂದು ತೆಗೆದುಕೊಳ್ಳಬಾರದು.

‘ಸ್ಟಡೀಸ್ ಇನ್ ವರ್ಡ್ಸ್’ 1960ರದ್ದು. ಕೊಳ್ಳುವಾಗ 1967ರ ಎರಡನೆಯ ಆವೃತ್ತಿಯೋ ಅದರ ಮರುಮುದ್ರಣವೋ ಎಂದು ಖಚಿತ ಮಾಡಿಕೊಳ್ಳಿ, ಮೂರು ಅಧ್ಯಾಯ ಹೆಚ್ಚಿಗೆ ಸಿಗುತ್ತವೆ. ನೇಚರ್, ಸ್ಯಾಡ್, ವಿಟ್, ಫ್ರೀ, ಸೆನ್ಸ್, ಸಿಂಪಲ್, ಕಾನ್ಶಿಯನ್ಸ್ ಮುಂತಾದ ಪದಗಳು ಶತಮಾನಗಳಲ್ಲಿ ಹೇಗೆ ಕವಲೊಡೆದವು ಎಂಬ ಶೋಧನೆ ಇದು. ‘ಸ್ಯಾಡ್’ ಹೊಟ್ಟೆ ತುಂಬಿದ್ದು ಎಂಬಲ್ಲಿಂದ ಹೊರಟು ಭಾರ, ಗಟ್ಟಿ, ಗಂಭೀರ ಎಂಬ ಅರ್ಥಗಳನ್ನು ಹಾದು ದುಃಖಕ್ಕೆ ಬಂದು ನಿಂತದ್ದನ್ನು ಓದಿದರೆ ಹಳೆಯ ಪದ್ಯದಲ್ಲಿ ಆ ಪದ ಕಂಡಾಗ ತಾನಾಗಿ ನಿಲ್ಲುತ್ತೀರಿ. ಲೂಯಿಸ್ ಇದಕ್ಕೆ ‘ಅಪಾಯದ ಅರ್ಥ’ ಎಂಬ ಹೆಸರು ಕೊಟ್ಟಿದ್ದಾರೆ. ಇಂದು ಚಾಲ್ತಿಯಲ್ಲಿರುವ ಅರ್ಥ ಹಳೆಯ ವಾಕ್ಯದಲ್ಲೂ ಸರಿಹೊಂದಿದಂತೆ ಕಾಣುತ್ತದೆ, ಅದಕ್ಕೇ ಅಪಾಯ. ಒಂದು ವಾಕ್ಯ ಅರ್ಥವೇ ಆಗದಿದ್ದರೆ ನಿಘಂಟು ತೆಗೆಯುತ್ತೇವೆ, ತಪ್ಪಾಗಿ ಅರ್ಥವಾದರೆ ತೆಗೆಯುವುದಿಲ್ಲ.

ಪೀಠಿಕೆಯಲ್ಲೇ ಇಡೀ ವಿಧಾನ ಇದೆ, ಅದನ್ನು ಬಿಡದೆ ಓದಿ. ಅಂತಸ್ತು ಸೂಚಿಸುವ ಪದಗಳು ನಿಧಾನವಾಗಿ ಗುಣ ಸೂಚಿಸುವ ಪದಗಳಾಗುವುದನ್ನು ಅಲ್ಲಿ ತೋರಿಸುತ್ತಾರೆ, ಹಳ್ಳಿಯ ಜೀತದಾಳಿನ ಹೆಸರು ಇಂಗ್ಲಿಷಿನಲ್ಲಿ ‘ವಿಲನ್’ ಆದ ಹಾಗೆ. ಆಮೇಲೆ ಯಾವ ಪದ ಬೇಕೋ ಆ ಅಧ್ಯಾಯ. ಸಾಲಾಗಿ ಓದಲು ಹೊರಟರೆ ‘ನೇಚರ್’ ಅಧ್ಯಾಯದಲ್ಲೇ ಸುಸ್ತಾಗುತ್ತದೆ, ಅದು ಉದ್ದ ಮತ್ತು ಗ್ರೀಕ್, ಲ್ಯಾಟಿನ್ ಬೇರುಗಳಿಂದ ದಟ್ಟವಾಗಿದೆ. ‘ಸ್ಯಾಡ್’ ಅಥವಾ ‘ವಿಟ್’ನಿಂದ ಶುರು ಮಾಡುವುದು ಮೇಲು.

‘ಆ್ಯನ್ ಎಕ್ಸ್‌ಪೆರಿಮೆಂಟ್ ಇನ್ ಕ್ರಿಟಿಸಿಸಂ’ 1961ರದ್ದು, ಒಂದೂವರೆ ನೂರು ಪುಟವೂ ಇಲ್ಲ. ಪುಸ್ತಕವನ್ನು ಅಳೆದು ಓದುಗನಿಗೆ ತೀರ್ಪು ಕೊಡುವ ಬದಲು, ಅದು ಯಾವ ಬಗೆಯ ಓದಿಗೆ ಎಡೆಕೊಡುತ್ತದೆ ಎಂದು ನೋಡಿ ಪುಸ್ತಕವನ್ನು ಅಳೆಯೋಣ ಎನ್ನುವುದೇ ಪ್ರಯೋಗ. ಕೃತಿಯನ್ನು ಬಳಸಿಕೊಳ್ಳುವುದು ಬೇರೆ, ಸ್ವೀಕರಿಸುವುದು ಬೇರೆ ಎಂಬ ವಿಂಗಡಣೆ ಉಪಯುಕ್ತ. ಆದರೆ ಇನ್ನೊಬ್ಬನ ಓದು ಹೇಗಿದೆ ಎಂದು ಹೊರಗಿನಿಂದ ಹೇಗೆ ಗೊತ್ತಾಗಬೇಕು? ಈ ಪರೀಕ್ಷೆ ಬಳಸಿದರೆ ಯಾವ ಪುಸ್ತಕವನ್ನೂ ಕಳಪೆ ಎಂದು ಹೇಳುವುದು ಹೆಚ್ಚುಕಡಿಮೆ ಅಸಾಧ್ಯ. ಲೂಯಿಸ್‌ಗೆ ಬೇಕಿದ್ದದ್ದೂ ಅದೇ ಇರಬೇಕು. ಕಟ್ಟುನಿಟ್ಟಿನ ತೀರ್ಪುಗಾರ ವಿಮರ್ಶಕರ ಮೇಲೆ ಅವರ ಕಣ್ಣಿತ್ತು. ಹೆಸರು ಹೇಳದಿದ್ದರೂ ಅದೇ ಕೇಂಬ್ರಿಜ್‌ನಲ್ಲಿದ್ದ ಎಫ್. ಆರ್. ಲೀವಿಸ್ ಮತ್ತು ಅವರ ಬಳಗ ನೆನಪಾಗದೆ ಇರುವುದಿಲ್ಲ. ಲೀವಿಸ್ ಹತ್ತಿರ ಓದಿ ಬಂದ ಸಿ. ಡಿ. ನರಸಿಂಹಯ್ಯನವರ ಮೂಲಕ ಮೈಸೂರಿಗೆ ಬಂದದ್ದು ಆ ಕಡೆಯ ವಿಮರ್ಶೆ. ಆ ಗುರುಪರಂಪರೆಯಲ್ಲಿ ಪಳಗಿದವರಿಗೆ ಈ ಪುಸ್ತಕ ಒಳ್ಳೆಯ ಎದುರುವಾದ. ಸಾಹಿತ್ಯದ ರುಚಿಯಿಲ್ಲದ ಓದಿಗೆ ಕೊಡುವ ಐದು ಗುರುತುಗಳನ್ನು, ಕಥೆಯಲ್ಲದ್ದನ್ನು ಓದದಿರುವುದು, ಕಿವಿಯಿಲ್ಲದಿರುವುದು, ಶೈಲಿಯ ಪರಿವೆ ಇಲ್ಲದಿರುವುದು ಇತ್ಯಾದಿ, ತಮ್ಮ ಮೇಲೇ ಪ್ರಯೋಗಿಸಿಕೊಳ್ಳುವಷ್ಟು ಧೈರ್ಯ ಓದುಗನಿಗೆ ಬೇಕು. ಕೊನೆಯ ಉಪಸಂಹಾರ ಚೆನ್ನಾಗಿದೆ.

ಬಿಡಿ ಪ್ರಬಂಧಗಳಿಗೆ ವಾಲ್ಟರ್ ಹೂಪರ್ ಸಂಪಾದಿಸಿದ 1969ರ ‘ಸೆಲೆಕ್ಟೆಡ್ ಲಿಟರರಿ ಎಸ್ಸೇಸ್’, 22 ಬರಹ. ಕೇಂಬ್ರಿಜ್‌ನಲ್ಲಿ 1954ರ ನವೆಂಬರ್ 29ರಂದು, ತಮ್ಮ ಹುಟ್ಟುಹಬ್ಬದ ದಿನ, ಕೊಟ್ಟ ಪ್ರಾರಂಭೋಪನ್ಯಾಸ ಇದರಲ್ಲೇ ಇದೆ. ಹ್ಯಾಮ್ಲೆಟ್ ಪ್ರಬಂಧವೂ ಜೇನ್ ಆಸ್ಟೆನ್ ಪ್ರಬಂಧವೂ ಪಾಠಕ್ಕೆ ಒದಗುತ್ತವೆ. ಕವಿ ಜಾನ್ ಡನ್ ಮೇಲಿನದು ಎಲಿಯಟ್ ತಲೆಮಾರಿನ ಮೇಲಿನ ಸಿಟ್ಟಿನಲ್ಲಿ ಬರೆದದ್ದು, ಕವಿಗೆ ನ್ಯಾಯ ಸಿಕ್ಕಿಲ್ಲ. ವಿಮರ್ಶಕ ಟಿಲ್ಯಾರ್ಡ್ ಜತೆಗಿನ 1939ರ ‘ದಿ ಪರ್ಸನಲ್ ಹೆರೆಸಿ’ ಆರು ಪ್ರಬಂಧಗಳ ಸವಾಲ್ ಜವಾಬ್. ಕವಿತೆಯಲ್ಲಿ ಕವಿಯ ವ್ಯಕ್ತಿತ್ವ ಹುಡುಕಬಾರದು ಎಂಬ ಲೂಯಿಸ್ ವಾದದ ಮೊದಲ ಪ್ರಬಂಧ ಓದಿದರೆ ಅರ್ಧ ಕೆಲಸ ಮುಗಿಯಿತು.

ಮುದ್ರಣಗಳ ಬಗ್ಗೆ. ಕೇಂಬ್ರಿಜ್‌ನ ಪುಸ್ತಕಗಳು ‘ಕ್ಯಾಂಟೊ ಕ್ಲಾಸಿಕ್ಸ್’ ಮಾಲೆಯಲ್ಲಿ ಪೇಪರ್‌ಬ್ಯಾಕ್ ಆಗಿ ಸಿಗುತ್ತವೆ, ಪದಸೂಚಿ ಸಮೇತ. ಭಾರತದ ಹಕ್ಕುಸ್ವಾಮ್ಯ ಕಾಯಿದೆಯ ಪ್ರಕಾರ ಲೇಖಕ ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಲೂಯಿಸ್ 1963ರಲ್ಲಿ ತೀರಿಕೊಂಡರು, ಹಾಗಾಗಿ ಅವರ ಜೀವಿತಕಾಲದಲ್ಲಿ ಪ್ರಕಟವಾದವು 2024ರ ಜನವರಿಯಿಂದ ಇಲ್ಲಿ ಮುಕ್ತ. ಸತ್ತ ಮೇಲೆ ಪ್ರಕಟವಾದವಕ್ಕೆ ಪ್ರಕಟಣೆಯ ವರ್ಷದಿಂದ ಲೆಕ್ಕ, ‘ದಿ ಡಿಸ್ಕಾರ್ಡೆಡ್ ಇಮೇಜ್’ಗೆ 2025ರ ಜನವರಿ. ಬ್ರಿಟನ್ನಿನಲ್ಲಿ 70 ವರ್ಷ, ಅಲ್ಲಿ ಇನ್ನೂ ಮುಗಿದಿಲ್ಲ. ಕನ್ನಡಕ್ಕೆ ತರಲು ಮನಸ್ಸಿರುವವರಿಗೆ ಇದು ಅನುಕೂಲದ ಸುದ್ದಿ. ಕೊಳ್ಳುವವರಿಗೆ ಮಾತ್ರ ಎಚ್ಚರಿಕೆಯ ಸುದ್ದಿ, ಏಕೆಂದರೆ ಹಕ್ಕು ಮುಗಿದ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಯಂತ್ರದಿಂದ ಓದಿಸಿ ಅಚ್ಚುಹಾಕುವ ಅಗ್ಗದ ಮುದ್ರಣಗಳಲ್ಲಿ ಗ್ರೀಕ್ ಅಕ್ಷರಗಳು ಕಲಸುಮೇಲೋಗರವಾಗುತ್ತವೆ, ಅಡಿಟಿಪ್ಪಣಿ ವಾಕ್ಯದ ನಡುವೆ ನುಗ್ಗುತ್ತದೆ, ಪದಸೂಚಿಯ ಪುಟಸಂಖ್ಯೆ ಹೊಂದುವುದಿಲ್ಲ. ಪದಗಳ ಪುಸ್ತಕಕ್ಕೂ ‘ಅಲಿಗರಿ’ಗೂ ಇದು ನೇರ ಪೆಟ್ಟು. ಆನ್‌ಲೈನ್‌ನಲ್ಲಿ ತರಿಸುವ ಮೊದಲು ಒಳಪುಟದ ಚಿತ್ರ ನೋಡಿ, ಅಡಿಟಿಪ್ಪಣಿ ಪುಟದ ಬುಡದಲ್ಲೇ ಇದೆಯೇ ಎಂದು ಪರೀಕ್ಷಿಸಿ. ‘ಎಕ್ಸ್‌ಪೆರಿಮೆಂಟ್’ ಮತ್ತು ಮಿಲ್ಟನ್ ಪುಸ್ತಕಗಳನ್ನು ಇ-ಬುಕ್ಕಿನಲ್ಲಿ ಓದಿದರೂ ನಡೆಯುತ್ತದೆ.